ಹುಲ್ಲು ಮತ್ತು ಅಕ್ಕಿ: ಕೊಪ್ಪಳ ಸೀಮೆಯ ತೃಣಧಾನ್ಯಗಳ ಐತಿಹಾಸಿಕ ವಿವೇಚನೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳ ಇತಿಹಾಸಕ್ಕೆ ಆಧಾರ ಸಾಮಗ್ರಿಯ ಕೊರತೆಯಿಲ್ಲ. ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿವೆ. ಕವಿರಾಜಮಾರ್ಗವು ಕೊಪಣ ನಗರವನ್ನು ತಿರುಳ್ಗನ್ನಡ ನಾಡಿನ ಮುಖ್ಯ ಸ್ಥಾನಗಳಲ್ಲಿ ಒಂದಾಗಿ ಹೆಸರಿಸಿದೆ. ಹಿಂದೆ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದು ಈಗ ಕುಕನೂರು ತಾಲ್ಲೂಕಿನಲ್ಲಿರುವ ಇಟಗಿಯ ಮಹಾದೇವ ದೇವಾಲಯವು 1112ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನಿಂದ ನಿರ್ಮಿತವಾಯಿತು. ಇವುಗಳ ವಿಷಯವಾಗಿ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಆದರೆ ಶಾಸನವನ್ನು ಕಂಡರಿಸಿದವನೂ ದೇವಾಲಯಕ್ಕೆ ಕಲ್ಲು ಹೊತ್ತವನೂ ಸಂಜೆ ಮನೆಗೆ ಹೋಗಿ ಏನನ್ನು ಉಂಡರೆಂಬ ಪ್ರಶ್ನೆಯನ್ನು ಎತ್ತಿದವರು ಕಡಮೆ. ಪ್ರಸ್ತುತ ಲೇಖನದಲ್ಲಿ ಆ ಪ್ರಶ್ನೆಯ ಒಂದು ಭಾಗವನ್ನು ಮಾತ್ರ ನಾವು ಎತ್ತಿಕೊಂಡಿದ್ದೇವೆ. ಈ ಸೀಮೆಯ ಜನರು ಯಾವ ಹುಲ್ಲನ್ನು ಅನ್ನವೆಂದು ಎಣಿಸಿದರು, ಯಾವ ಕಾಲದಲ್ಲಿ ಅದೇ ಹುಲ್ಲನ್ನು ಕಳೆಯೆಂದು ಕಿತ್ತೊಗೆದರು ಎಂಬುದೇ ನಮ್ಮ ವಿಷಯ.

ಸಸ್ಯಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಜೋಳ, ಭತ್ತ, ಗೋದಿ, ನವಣೆಗಳೆಲ್ಲವೂ ಹುಲ್ಲುಗಳೇ. ಗಣಪತಿಗೆ ಏರಿಸುವ ಕರಿಕೆಯೂ ಇದೇ ಕುಟುಂಬಕ್ಕೆ ಸೇರಿದುದು. ಇವುಗಳಲ್ಲಿ ಕೆಲವನ್ನು ಧಾನ್ಯವೆಂದೂ ಮಿಕ್ಕವನ್ನು ದನದ ಮೇವೆಂದೂ ವಿಂಗಡಿಸಿದವನು ಮನುಷ್ಯ. ಆ ವಿಂಗಡಣೆ ದೇಶಕಾಲಗಳಿಗೆ ಅನುಸಾರವಾಗಿ ಬದಲಾಗುತ್ತ ಬಂದಿದೆ. ಯುರೋಪಿನ ತಂಪು ಹುಲ್ಲುಗಾವಲುಗಳಿಂದ ಎರಡು ನಿದರ್ಶನಗಳನ್ನು ಕೊಡಬಹುದು. ನಮ್ಮ ಕರಿಕೆಯಂತೆಯೇ ನೆಲದೊಳಗೆ ಹಬ್ಬುವ ಕೌಚ್ ಹುಲ್ಲಿನ ಬೇರುಕಾಂಡವನ್ನು ಒಣಗಿಸಿ, ಬೀಸಿ, ಬರಗಾಲದಲ್ಲಿ ರೊಟ್ಟಿಯ ಹಿಟ್ಟಿಗೆ ಬೆರೆಸುತ್ತಿದ್ದರು. ಇದು ಹಸಿವಿನ ಆಹಾರ. ಆದರೆ ಪೋಲೆಂಡಿನ ಜೌಗು ನೆಲಗಳಲ್ಲಿ ತಾನಾಗಿ ಬೆಳೆಯುತ್ತಿದ್ದ ಮನ್ನಾ ಹುಲ್ಲಿನ ಕಾಳನ್ನು ಜರಡಿಗಳಿಂದ ಬಡಿದು ಸಂಗ್ರಹಿಸಿ ಹೊರದೇಶಗಳಿಗೂ ಮಾರುತ್ತಿದ್ದರು. ಶ್ರೀಮಂತರ ಮನೆಗಳಲ್ಲಿ ಅದು ಬೆಲೆಯುಳ್ಳ ಪದಾರ್ಥವಾಗಿತ್ತು. ಕಾಡುಹುಲ್ಲಿನ ಕಾಳನ್ನು ತಿಂದವರೆಲ್ಲ ಗತಿಯಿಲ್ಲದೆಯೇ ತಿಂದರೆಂದು ಭಾವಿಸುವುದು ಸರಿಯಲ್ಲವೆಂಬುದಕ್ಕೆ ಈ ಎರಡನೆಯ ನಿದರ್ಶನ ಸಾಕು.

ಈಗ ನಮ್ಮ ಸೀಮೆಗೆ ಬರೋಣ. ಯಲಬುರ್ಗಾದ ಎರೆ ಹೊಲಗಳಲ್ಲಿಯೂ ಕುಷ್ಟಗಿಯ ಮಸಾರಿ ನೆಲದಲ್ಲಿಯೂ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಅದೂ ಒಂದು ವರ್ಷ ಬಂದು ಇನ್ನೊಂದು ವರ್ಷ ತಪ್ಪುವಂಥದು. ಇಲ್ಲಿ ಜೋಳ, ಸಜ್ಜೆಗಳ ಜೊತೆಗೆ ನವಣೆ, ಸಾವಿ, ಬರಗು, ಹಾರಕ ಮೊದಲಾದವು ಹಿಂದಿನಿಂದಲೂ ಪರಿಚಿತ. ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿಯನ್ನಾಗಲಿ, ನವಣಕ್ಕಿಯ ಅನ್ನವನ್ನಾಗಲಿ ಅರಿಯದ ಮನೆ ಈ ಭಾಗದಲ್ಲಿ ಅಪರೂಪ. ಇವೆಲ್ಲ ಅನಾದಿಕಾಲದಿಂದ ನಮ್ಮ ಮಣ್ಣಿನವೇ ಎಂಬ ನಂಬಿಕೆಯೂ ಸಾಮಾನ್ಯವಾಗಿದೆ. ಈ ನಂಬಿಕೆಯನ್ನು ಪುರಾತತ್ತ್ವ ಸಂಶೋಧನೆ ಬಹುಮಟ್ಟಿಗೆ ತಿದ್ದಿದೆ.

1946ರಿಂದ ಮುಂದಿನ ಎರಡು ದಶಕಗಳಲ್ಲಿ ಸಂಗನಕಲ್ಲು, ಬ್ರಹ್ಮಗಿರಿ, ಪಿಕ್ಲಿಹಾಳ, ಮಸ್ಕಿ, ತೆಕ್ಕಲಕೋಟೆ, ಹಳ್ಳೂರುಗಳ ಉತ್ಖನನಗಳು ನಡೆದು ದಕ್ಷಿಣದ ನವಶಿಲಾಯುಗದ ಚಿತ್ರ ಸ್ಪಷ್ಟವಾಯಿತು. ಇವುಗಳಲ್ಲಿ ಪಿಕ್ಲಿಹಾಳ, ಮಸ್ಕಿಗಳು ನಮ್ಮ ಸೀಮೆಗೆ ಹೊಂದಿಕೊಂಡಿರುವ ಲಿಂಗಸುಗೂರು ಕಡೆಯವು. ತೆಕ್ಕಲಕೋಟೆಯು ಗಂಗಾವತಿಯ ಕೆಳಗೆ ತುಂಗಭದ್ರೆಯ ಆಚೆಯ ದಡದ ಕಡೆಗಿದೆ. ಕಲ್ಲಿನ ಕೊಡಲಿ, ಮಡಕೆ, ದನದ ಎಲುಬು, ಬೂದಿದಿಬ್ಬ, ಅರೆಯುವ ಕಲ್ಲು, ಇವು ಆ ಉತ್ಖನನಗಳ ಮುಖ್ಯ ಫಲಗಳು. ಅರೆಯುವ ಕಲ್ಲು ಸಿಕ್ಕಿತು. ಅದರ ಮೇಲೆ ಅರೆದ ಕಾಳು ಬಹಳ ಕಡಮೆ ಸಿಕ್ಕಿತು. ಅದಕ್ಕೆ ಕಾರಣವಿದೆ. ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಸುಟ್ಟ ಕಾಳು ಗುದ್ದಲಿಗೂ ಕಣ್ಣಿಗೂ ಸಿಗುವ ವಸ್ತುವಲ್ಲ. ಅಗೆದ ಮಣ್ಣನ್ನು ನೀರಿನಲ್ಲಿ ಕದಡಿ, ಮೇಲೆ ತೇಲಿದ ಇದ್ದಿಲ ಕಣಗಳನ್ನು ನಯವಾದ ಜರಡಿಯಲ್ಲಿ ಹಿಡಿದು, ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸಬೇಕು. ಈ ಕ್ರಮವನ್ನು ಅನುಸರಿಸಿ ಡೋರಿಯನ್ ಫುಲ್ಲರ್, ರವಿ ಕೊರಿಶೆಟ್ಟರ್ ಮತ್ತು ಅವರ ಸಹೋದ್ಯೋಗಿಗಳು ಸಂಗನಕಲ್ಲು, ತೆಕ್ಕಲಕೋಟೆ, ಹಳ್ಳೂರು ಮೊದಲಾದ ನೆಲೆಗಳ ಮಣ್ಣನ್ನು ಪರೀಕ್ಷಿಸಿ 2004ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು.

ಆ ಫಲಿತಾಂಶವು ಇತಿಹಾಸದ ವಿದ್ಯಾರ್ಥಿಗಳು ನೆನಪಿಡಬೇಕಾದುದು. ಕ್ರಿ. ಪೂ. ಮೂರನೆಯ ಮತ್ತು ಎರಡನೆಯ ಸಹಸ್ರಮಾನಗಳಲ್ಲಿ ಇಲ್ಲಿನ ಜನರ ಮುಖ್ಯ ಆಹಾರವು ಎರಡು ದ್ವಿದಳ, ಎರಡು ಹುಲ್ಲು. ದ್ವಿದಳಗಳು ಹುರುಳಿ ಮತ್ತು ಹೆಸರು. ಹುಲ್ಲುಗಳಲ್ಲಿ ಒಂದು ಕೊರಲೆ, ಎಂದರೆ ಬ್ರಾಕಿಯೇರಿಯ ರಮೋಸ. ಇನ್ನೊಂದು ಸಿಟೇರಿಯ ವರ್ಟಿಸಿಲ್ಲೇಟ ಎಂಬ ಹೆಸರಿನದು. ಗೋದಿ, ಜವೆಗೋದಿಗಳೂ ಕೆಲವು ನೆಲೆಗಳಲ್ಲಿ ಕಂಡುಬಂದಿವೆಯಾದರೂ ಅವು ಆಧಾರಭೂತ ಬೆಳೆಗಳಾಗಿರಲಿಲ್ಲ. ಈ ಎರಡನೆಯ ಹುಲ್ಲನ್ನು ನಮ್ಮ ಓದುಗರೆಲ್ಲರೂ ಬಲ್ಲರು, ಹೆಸರಿನಿಂದಲ್ಲದಿದ್ದರೂ ಉಪದ್ರವದಿಂದ. ಮಳೆಗಾಲದ ಕೊನೆಯಲ್ಲಿ ಹಿತ್ತಲಿನ ಗೋಡೆಯ ಬುಡ, ಬೇಲಿಯ ಸಾಲು, ಗಿಡದ ನೆರಳುಗಳಲ್ಲಿ ನಡೆದು ಬಂದವರ ಧೋತರಕ್ಕೂ ಸೀರೆಯ ಅಂಚಿಗೂ ಅಂಟಿಕೊಂಡು ಬರುವ, ಮೇಲುನೋಟಕ್ಕೆ ನವಣೆಯ ತೆನೆಯನ್ನು ಹೋಲುವ ಹುಲ್ಲು ಇದೇ. ಈ ಲೇಖನದಲ್ಲಿ ಅನುಕೂಲಕ್ಕಾಗಿ ಇದನ್ನು ಅಂಟುಹುಲ್ಲು ಎಂದು ಕರೆಯುತ್ತೇವೆ. ಇಂದು ನಮ್ಮ ಸೀಮೆಯಲ್ಲಿ ಇದನ್ನು ಬಿತ್ತುವವರಿಲ್ಲ. ಕೊರಲೆಯು ಇಷ್ಟರಮಟ್ಟಿಗೆ ಮರೆಯಾಗಲಿಲ್ಲ. ಪಾವಗಡ, ಮಧುಗಿರಿ, ಸಿರಾ ಕಡೆಯ ರೈತರು ಬಡ ನೆಲಗಳಲ್ಲಿ, ಹುಣಸೆಯ ಮರದ ನೆರಳಿನಲ್ಲಿ ಸಹ, ಅದನ್ನು ಬಿತ್ತುತ್ತ ಉಳಿಸಿಕೊಂಡು ಬಂದರು.

ಹಾಗಾದರೆ ನಮ್ಮ ಪ್ರಾಚೀನ ಧಾನ್ಯಗಳೆಂದು ನಾವು ಹೆಮ್ಮೆಪಡುವ ಮಿಕ್ಕವುಗಳ ಗತಿಯೇನು? ಜೋಳ, ಸಜ್ಜೆ, ರಾಗಿ ಈ ಮೂರರ ಮೂಲ ಆಫ್ರಿಕ. ಇವುಗಳಲ್ಲಿ ಸಜ್ಜೆಯು ಕ್ರಿ. ಪೂ. ಎರಡನೆಯ ಸಹಸ್ರಮಾನದಲ್ಲಿ ಹಳ್ಳೂರಿಗೆ ಬಂದಿತ್ತು. ನವಣೆ ಮತ್ತು ಬರಗುಗಳನ್ನು ಮೊದಲು ಪಳಗಿಸಿದವರು ಉತ್ತರ ಚೀನದ ರೈತರು. ಸಾವಿ, ಹಾರಕ, ಊದಲು, ಕೊರಲೆಗಳು ಭಾರತದವು. ಹಿಂದೆ ಉತ್ಖನನಗಳಲ್ಲಿ ರಾಗಿಯೆಂದು ಗುರುತಿಸಿದ್ದ ಕೆಲವು ಕಾಳುಗಳು ಹೊಟ್ಟು ಕಳಚಿದ ಬೇರೆ ಕಿರುಧಾನ್ಯಗಳಾಗಿರಬಹುದೆಂದು ಸಸ್ಯ ಪುರಾತತ್ತ್ವಜ್ಞರು ಸಂಶಯಪಟ್ಟಿರುವುದನ್ನೂ ಇಲ್ಲಿ ಗಮನಿಸಬೇಕು. ಒಟ್ಟಿನಲ್ಲಿ ಅತಿಥಿಗಳಾಗಿ ಬಂದ ಧಾನ್ಯಗಳು ಮನೆಯ ಯಜಮಾನಿಕೆಯನ್ನು ವಹಿಸಿಕೊಂಡವು. ಮನೆಯವನೇ ಆದ ಅಂಟುಹುಲ್ಲು ಬೇಲಿಯ ಬುಡವನ್ನು ಸೇರಿತು. ಇದು ಹೇಗಾಯಿತು?

ಇದಕ್ಕೆ ಉತ್ತರವನ್ನು ಹುಡುಕಲು ನಮಗೆ ಕನ್ನಡ ಭಾಷೆಯೇ ಒಂದು ಸುಳಿವನ್ನು ಕೊಡುತ್ತದೆಂದು ನಾವು ಭಾವಿಸುತ್ತೇವೆ. ಅಕ್ಕಿ ಎಂದೊಡನೆ ಇಂದು ನಮ್ಮ ಕಣ್ಣೆದುರಿಗೆ ಬರುವುದು ಭತ್ತದ ಅಕ್ಕಿ. ಆದರೆ ಜನರ ಬಾಯಲ್ಲಿ ನವಣಕ್ಕಿ, ಸಾವಕ್ಕಿ, ಬರಗಕ್ಕಿ ಎಂಬ ಮಾತುಗಳು ಇಂದಿಗೂ ಜೀವಂತವಾಗಿವೆ. ಅಕ್ಕಿ ಎಂಬುದು ಒಂದು ಬೆಳೆಯ ಹೆಸರಾಗಿರದೆ, ಕುಟ್ಟಿ ಹೊಟ್ಟು ತೆಗೆದ ಕಾಳಿಗೆ ಸಲ್ಲುವ ಹೆಸರೆಂಬುದು ಇದರಿಂದ ವ್ಯಕ್ತವಾಗುತ್ತದೆ. ಜೋಳದಕ್ಕಿ, ಸಜ್ಜೆಯಕ್ಕಿ, ರಾಗಿಯಕ್ಕಿ ಎಂಬ ಮಾತುಗಳು ಬಳಕೆಯಲ್ಲಿ ಕೇಳಿಬರುವುದಿಲ್ಲ. ಏಕೆ? ಆ ಮೂರು ಧಾನ್ಯಗಳ ಕಾಳು ತೆನೆಯಿಂದ ಉದುರುವಾಗಲೇ ಹೊಟ್ಟಿನಿಂದ ಬಿಡಿಸಿಕೊಂಡು ಬರುತ್ತದೆ. ಕಣದಲ್ಲಿ ತುಳಿಸಿ, ತೂರಿ, ನೇರವಾಗಿ ಬೀಸುವ ಕಲ್ಲಿಗೆ ಹಾಕಬಹುದು. ನವಣೆ, ಸಾವಿ, ಹಾರಕ, ಕೊರಲೆ, ಅಂಟುಹುಲ್ಲುಗಳು ಹಾಗಲ್ಲ. ತೂರಿದ ಮೇಲೂ ಪ್ರತಿಯೊಂದು ಕಾಳೂ ಬಿಗಿಯಾದ ಕವಚದೊಳಗೆ ಕುಳಿತಿರುತ್ತದೆ. ಅದನ್ನು ಒರಳಿನಲ್ಲಿ ಹಾಕಿ ಒನಕೆಯಿಂದ ಕುಟ್ಟಬೇಕು, ಮೊರದಲ್ಲಿ ಕೇರಬೇಕು, ಮತ್ತೆ ಕುಟ್ಟಬೇಕು. ಕೊರಲೆಯ ಹೊಟ್ಟಂತೂ ಒಂದೆರಡು ಸಲದ ಕುಟ್ಟಿಗೆ ಬಗ್ಗುವುದಿಲ್ಲ. ಕಾಳು ಚಿಕ್ಕದಾದಷ್ಟೂ ಶ್ರಮ ಹೆಚ್ಚು, ಸಿಗುವ ಅಕ್ಕಿ ಕಡಮೆ.

ಹೀಗೆ ನೋಡಿದರೆ ಕನ್ನಡದ ಈ ಒಂದು ಪದವು ಧಾನ್ಯಗಳನ್ನು ಶ್ರಮದ ಆಧಾರದಿಂದ ಎರಡಾಗಿ ವಿಂಗಡಿಸಿದೆ: ಅಕ್ಕಿ ಮಾಡಬೇಕಾದವು, ಹಿಟ್ಟು ಮಾಡಬಹುದಾದವು. ಆಫ್ರಿಕದಿಂದ ಬಂದ ಮೂರು ಧಾನ್ಯಗಳೂ ಎರಡನೆಯ ವರ್ಗದವೇ ಆಗಿರುವುದು ಆಕಸ್ಮಿಕವಲ್ಲವೆಂದು ನಮ್ಮ ಅಭಿಪ್ರಾಯ. ಹೊಸ ಧಾನ್ಯ ಹೆಚ್ಚು ಇಳುವರಿ ಕೊಟ್ಟಿತೆಂಬುದೂ, ಅದರ ದಂಟು ದನಗಳಿಗೆ ಮೇವಾಯಿತೆಂಬುದೂ ನಿಜ. ಆದರೆ ನಸುಕಿನಲ್ಲಿ ಎದ್ದು ಒನಕೆ ಹಿಡಿಯುವವರ ತೋಳಿಗೆ ಸಿಕ್ಕ ಬಿಡುವನ್ನೂ ಲೆಕ್ಕಕ್ಕೆ ಸೇರಿಸಬೇಕು. ಕುಟ್ಟುವ ಪದ ಬೇರೆ, ಬೀಸುವ ಪದ ಬೇರೆ ಎಂಬುದನ್ನು ಜಾನಪದ ಸಂಗ್ರಾಹಕರು ಬಲ್ಲರು. ಈ ಹಾಡುಗಳನ್ನು ನಾವು ಸಾಹಿತ್ಯವೆಂದು ಓದಿದ್ದೇವೆ. ಕೃಷಿಯ ಇತಿಹಾಸಕ್ಕೆ ಆಧಾರವೆಂದು ಓದಿದ್ದು ಸಾಲದು. ಹಾಗೆಂದು ಹೊಟ್ಟಿನಿಂದ ತೊಂದರೆಯೊಂದೇ ಆಯಿತೆಂದಲ್ಲ. ಕವಚವುಳ್ಳ ಕಾಳು ಹುಳಕ್ಕೆ ಬೇಗ ಒಳಗಾಗುವುದಿಲ್ಲ. ಒಣ ಹಗೇವಿನಲ್ಲಿ ತುಂಬಿಟ್ಟರೆ ಮಳೆ ತಪ್ಪಿದ ವರ್ಷಕ್ಕೆ ಒದಗುತ್ತದೆ. ನವಣೆ, ಸಾವಿಗಳು ಜೋಳದ ಪಕ್ಕದಲ್ಲಿ ಸಣ್ಣ ಪ್ರಮಾಣದಲ್ಲಿಯಾದರೂ ಉಳಿದುಬಂದುದಕ್ಕೆ ಇದು ಒಂದು ಕಾರಣವಾಗಿರಬೇಕು.

ಶಾಸನಗಳ ಕಾಲಕ್ಕೆ ಬಂದರೆ ಧಾನ್ಯಗಳ ನಡುವೆ ಮೇಲುಕೀಳಿನ ಶ್ರೇಣಿ ಏರ್ಪಟ್ಟಿರುವುದು ಕಾಣುತ್ತದೆ. ದತ್ತಿಯ ಭೂಮಿಯನ್ನು ಹೇಳುವಾಗ ಗದ್ದೆ ಬೇರೆ, ಬೆದ್ದಲು ಬೇರೆ. ದೇವರ ನಿವೇದ್ಯಕ್ಕೆ ಸಲ್ಲುವುದು ಭತ್ತದ ಅಕ್ಕಿ. ಇಟಗಿಯಂತಹ ಬೆದ್ದಲು ನಾಡಿನ ದೇವಾಲಯವನ್ನು ನೋಡುವಾಗ, ಒಳಗೆ ನಿವೇದಿತವಾದ ಅನ್ನವೂ ಹೊರಗೆ ಸುತ್ತಲಿನ ಹೊಲಗಳು ಬೆಳೆದ ಧಾನ್ಯವೂ ಒಂದೇ ಆಗಿರಲಿಲ್ಲವೆಂಬುದನ್ನು ನಾವು ಮರೆಯಬಾರದು. ಆಯುರ್ವೇದ ಗ್ರಂಥಗಳು ಈ ಕಿರುಧಾನ್ಯಗಳನ್ನು ಕುಧಾನ್ಯ, ಕ್ಷುದ್ರಧಾನ್ಯ, ತೃಣಧಾನ್ಯ ಎಂಬ ಹೆಸರುಗಳಿಂದ ಕರೆದಿವೆ. ಮೂರು ಹೆಸರುಗಳಲ್ಲಿಯೂ ತಾತ್ಸಾರದ ಧ್ವನಿಯಿದೆ. ಈ ತಾತ್ಸಾರಕ್ಕೆ ಕನ್ನಡದಲ್ಲಿ ಬಂದ ಪ್ರಸಿದ್ಧ ಉತ್ತರವೆಂದರೆ ಕನಕದಾಸರ ರಾಮಧಾನ್ಯಚರಿತ್ರೆ. ಅದರಲ್ಲಿ ಭತ್ತಕ್ಕೂ ರಾಗಿಗೂ ನಡೆದ ವಾದವನ್ನು ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ತೀರ್ಮಾನಿಸುತ್ತಾನೆ. ಕಾವ್ಯವನ್ನು ಬೇಸಾಯದ ದಾಖಲೆಯಂತೆ ಓದುವುದು ಸಲ್ಲದು. ನಮ್ಮದು ಜೋಳದ ಸೀಮೆಯೇ ಹೊರತು ರಾಗಿಯ ಸೀಮೆಯೂ ಅಲ್ಲ. ಆದರೂ ಹದಿನಾರನೆಯ ಶತಮಾನದ ಕವಿಯೊಬ್ಬರು ಧಾನ್ಯಗಳ ಕುಲವನ್ನೇ ಕಾವ್ಯದ ವಸ್ತುವಾಗಿ ಮಾಡಿಕೊಂಡರೆಂದರೆ, ಉಣ್ಣುವ ಕಾಳಿನಿಂದ ಉಣ್ಣುವವನ ಕುಲವನ್ನು ಅಳೆಯುವ ಪದ್ಧತಿ ಆಗ ಎಷ್ಟು ಬೇರೂರಿತ್ತೆಂಬುದನ್ನು ಊಹಿಸಬಹುದು.

ಬರಗಾಲದಲ್ಲಿ ಈ ಶ್ರೇಣಿ ಕುಸಿದುಬೀಳುತ್ತದೆ. ನಮ್ಮ ಸೀಮೆಯು ಕಂಡ ಬರಗಳಲ್ಲಿ 1791-92ರ ದೋಜಿ ಬರವೂ 1876-78ರ ಮಹಾಕ್ಷಾಮವೂ ಘೋರವಾದುವು. ಮೊದಲನೆಯದರ ಹೆಸರಿಗೆ ತಲೆಬುರುಡೆಯ ಬರವೆಂದು ಅರ್ಥ. ಸತ್ತವರನ್ನು ಹೂಳುವವರಿಲ್ಲದೆ ಎಲುಬುಗಳು ನೆಲದ ಮೇಲೆಯೇ ಬಿದ್ದಿದ್ದವೆಂದು ಆ ಹೆಸರು ಹೇಳುತ್ತದೆ. ಈ ಬರವು ಯುದ್ಧದ ಬೆನ್ನಿಗೆ ಬಂದುದೆಂಬುದನ್ನು ಗಮನಿಸಬೇಕು. 1790-91ರಲ್ಲಿ ಟಿಪ್ಪುವಿನ ವಶದಲ್ಲಿದ್ದ ಕೊಪ್ಪಳದ ಕೋಟೆಯನ್ನು ನಿಜಾಮನ ಮತ್ತು ಇಂಗ್ಲಿಷರ ಸೈನ್ಯಗಳು ತಿಂಗಳುಗಟ್ಟಲೆ ಮುತ್ತಿದ್ದವು. ಅಂದಿನ ಸೈನ್ಯವೆಂದರೆ ಸಿಪಾಯಿಗಳಷ್ಟೇ ಅಲ್ಲ. ಕುದುರೆ, ಎತ್ತು, ಆನೆ, ಒಂಟೆಗಳು, ದವಸ ಹೊತ್ತು ತರುವ ಲಂಬಾಣಿಗಳ ಹೇರೆತ್ತುಗಳು. ಬೀಡು ಬಿಟ್ಟ ಕಡೆ ಸುತ್ತ ಹರದಾರಿಗಳವರೆಗೆ ಹುಲ್ಲು ಕೊಯ್ದು ತರಲು ಪ್ರತ್ಯೇಕ ಆಳುಗಳಿರುತ್ತಿದ್ದರು. ಮಳೆ ತಪ್ಪಿದಾಗ ಜನರು ಕಾಳಿಗಾಗಿ ನೋಡಬಹುದಾಗಿದ್ದ ಕಾಡುಹುಲ್ಲು ಈಗಾಗಲೇ ಕುದುರೆಯ ಹೊಟ್ಟೆ ಸೇರಿರಬೇಕೆಂದು ನಾವು ಊಹಿಸುತ್ತೇವೆ. ಬರಗಾಲದಲ್ಲಿ ಅಧಿಕಮಾಸ ಎಂಬ ಗಾದೆಯಲ್ಲಿ ಅಧಿಕಮಾಸದ ಬದಲು ದಂಡು ಎಂದಿದ್ದರೂ ತಪ್ಪಾಗುತ್ತಿರಲಿಲ್ಲ.

1876-78ರ ಹೊತ್ತಿಗೆ ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗ್ ಮನೆತನದ ಜಹಗೀರಿನಲ್ಲಿದ್ದುವು; ಸುತ್ತಲಿನ ಪ್ರದೇಶವು ನಿಜಾಮನ ಲಿಂಗಸುಗೂರು ಜಿಲ್ಲೆಗೆ ಸೇರಿತ್ತು. ಹೈದರಾಬಾದು ಸಂಸ್ಥಾನದಲ್ಲಿ ಮೊದಲ ಜನಗಣತಿ ನಡೆದುದು 1881ರಲ್ಲಿ, ಎಂದರೆ ಬರ ಮುಗಿದ ಮೇಲೆ. ಆದುದರಿಂದ ಅದರ ಭೀಕರತೆಯನ್ನು ಹೊಳೆಯ ಆಚೆಯ ಬಳ್ಳಾರಿಯ ಅಂಕಿಗಳಿಂದ ತಿಳಿಯಬೇಕಾಗುತ್ತದೆ. 1871 ಮತ್ತು 1881ರ ಗಣತಿಗಳ ನಡುವೆ ಅಲ್ಲಿನ ಜನಸಂಖ್ಯೆಯಲ್ಲಿ ಸುಮಾರು ಐದರಲ್ಲೊಂದು ಪಾಲು ಇಳಿದುಹೋಯಿತು. ಇಂತಹ ಕ್ಷಾಮಗಳ ತರುವಾಯ ಇಂಗ್ಲಿಷ್ ಅಧಿಕಾರಿಗಳೂ ಸಸ್ಯಶಾಸ್ತ್ರಜ್ಞರೂ ಜನರು ಕಾಡಿನಿಂದ ತಂದು ತಿಂದ ಸೊಪ್ಪು, ಗೆಡ್ಡೆ, ಬೀಜಗಳ ಪಟ್ಟಿಗಳನ್ನು ಮಾಡಿದರು. ನಮ್ಮ ನೆರೆಯ ಧಾರವಾಡ, ವಿಜಾಪುರ ಜಿಲ್ಲೆಗಳನ್ನು ಒಳಗೊಂಡಿದ್ದ ಮುಂಬಯಿ ಪ್ರಾಂತದ ಬಗ್ಗೆ ಗ್ಯಾಮಿ ಎಂಬ ಸಸ್ಯಶಾಸ್ತ್ರಜ್ಞನು 1902ರಲ್ಲಿ ಪ್ರಕಟಿಸಿದ ಟಿಪ್ಪಣಿ ಇವುಗಳಲ್ಲಿ ಪ್ರಸಿದ್ಧವಾದುದು. ಅದರ ಶೀರ್ಷಿಕೆಯೇ ಕ್ಷಾಮ ಮತ್ತು ಅಭಾವದ ಕಾಲಗಳಲ್ಲಿ ಆಹಾರವಾಗಿ ಬಳಸಿದ ಸಸ್ಯಗಳೆಂದು.

ಈ ಪಟ್ಟಿಗಳು ಉಪಯುಕ್ತವಾದುವು; ಅವುಗಳ ಶ್ರಮವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅವು ಉಂಟುಮಾಡಿದ ಒಂದು ದೃಷ್ಟಿದೋಷವನ್ನು ಸೂಚಿಸಲೇಬೇಕು. ಕ್ಷಾಮದ ಆಹಾರವೆಂಬ ತಲೆಬರಹದ ಕೆಳಗೆ ಸೇರಿದ ಹುಲ್ಲು, ಓದುವವರ ಮನಸ್ಸಿನಲ್ಲಿ, ಹಸಿವೆಯಿಂದ ಕಂಗೆಟ್ಟವರು ದನದ ಮೇವಿಗೆ ಕೈ ಹಾಕಿದರೆಂಬ ಚಿತ್ರವಾಗಿ ನಿಲ್ಲುತ್ತದೆ. ಯಾವ ಹುಲ್ಲಿನ ಕಾಳನ್ನು ಯಾವಾಗ ಕೊಯ್ಯಬೇಕು, ಹೇಗೆ ಕುಟ್ಟಬೇಕು, ಯಾವುದನ್ನು ಮುಟ್ಟಬಾರದು ಎಂಬುದು ಹಸಿವೆಯಿಂದ ಒಂದು ದಿನದಲ್ಲಿ ಕಲಿಯುವ ವಿದ್ಯೆಯಲ್ಲ. ಹಾರಕವನ್ನೇ ನೋಡಿರಿ. ಮಳೆಯಲ್ಲಿ ನೆನೆದ ಹಾರಕದ ಮೇಲೆ ಕೆಲವು ಬಗೆಯ ಬೂಷ್ಟು ಬೆಳೆದು ಸೈಕ್ಲೋಪಿಯಜೋನಿಕ್ ಆಮ್ಲವೆಂಬ ವಿಷವನ್ನು ಉಂಟುಮಾಡುತ್ತದೆ. ಅಂಥ ಕಾಳನ್ನು ಉಂಡವರಿಗೆ ತಲೆ ತಿರುಗಿ, ವಾಂತಿಯಾಗಿ, ಮೈ ನಡುಗುತ್ತದೆ. ಬೆಳೆಯುವ ರೈತರಿಗೆ ಇದು ರಸಾಯನಶಾಸ್ತ್ರಕ್ಕಿಂತ ಬಹಳ ಮುಂಚೆ ಗೊತ್ತಿತ್ತು. ಇಂತಹ ತಿಳಿವಳಿಕೆ ಸಾಮಾನ್ಯ ವರ್ಷಗಳಲ್ಲಿಯೂ ಬಳಕೆಯಲ್ಲಿದ್ದರೆ ಮಾತ್ರ ಬರದ ವರ್ಷದಲ್ಲಿ ಒದಗೀತು. ನಾಲ್ಕು ಸಾವಿರ ವರ್ಷಗಳ ಹಿಂದೆ ಇದೇ ಬಯಲಿನ ಜನರು ಬೆಳೆದು ಉಂಡ ಹುಲ್ಲುಗಳನ್ನು ಬರದ ದಿನಗಳಲ್ಲಿ ಮರಳಿ ಹುಡುಕಿಕೊಂಡು ಹೋದವರನ್ನು ಮೇವು ತಿಂದವರೆಂದು ಬರೆಯುವುದು ಇತಿಹಾಸಕಾರನಿಗೆ ತಕ್ಕುದಲ್ಲ. ಅದೇ ರೀತಿಯಲ್ಲಿ, ಅವರು ಸುಖವಾಗಿ ಉಂಡರೆಂದು ಬರೆಯುವುದೂ ಸುಳ್ಳು. ಐದರಲ್ಲೊಂದು ಪಾಲು ಜನ ಅಳಿದುಹೋದ ದೇಶದಲ್ಲಿ ಹುಲ್ಲಿನ ಕಾಳು ಎಲ್ಲರನ್ನೂ ಉಳಿಸಲಿಲ್ಲ. ಮಳೆಯಿಲ್ಲದ ವರ್ಷ ಹುಲ್ಲೂ ತೆನೆಗಟ್ಟುವುದು ಕಷ್ಟ.

ಇನ್ನು ನೀರಾವರಿಯ ಕಾಲ. ಗಂಗಾವತಿಯ ಹೊಳೆದಂಡೆಗೆ ಭತ್ತ ಹೊಸದಲ್ಲ. ವಿಜಯನಗರದ ಅರಸರ ಕಾಲದ ಕಾಲುವೆಗಳು ಆನೆಗುಂದಿ, ಹುಲಿಗಿ, ಶಿವಪುರಗಳ ಗದ್ದೆಗಳಿಗೆ ಶತಮಾನಗಳಿಂದ ನೀರುಣಿಸುತ್ತ ಬಂದಿವೆ. ಆದರೆ ಅದು ಹೊಳೆಯ ಮಗ್ಗುಲಿನ ಒಂದು ಹಸಿರು ಪಟ್ಟಿಯಷ್ಟೇ ಆಗಿತ್ತು. 1945ರಲ್ಲಿ ಅಡಿಗಲ್ಲು ಹಾಕಿದ ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ನೀರು ಹರಿದ ಮೇಲೆ ಎಡದಂಡೆ ಕಾಲುವೆಯು ಈ ಪಟ್ಟಿಯನ್ನು ಬಯಲಾಗಿ ಹರಡಿತು. ಯೋಜನೆಯ ಕರ್ತರು ಬಯಸಿದುದು ಬೇರೆ. ಬರಪೀಡಿತ ಸೀಮೆಗೆ ತೆಳುವಾಗಿ ನೀರು ಹಂಚಿ, ಜೋಳ, ಹತ್ತಿ, ಶೇಂಗಾ ಮುಂತಾದ ಅರೆ ನೀರಾವರಿ ಬೆಳೆಗಳನ್ನು ವಿಶಾಲ ಪ್ರದೇಶದಲ್ಲಿ ಬೆಳೆಸುವುದು ಅವರ ಉದ್ದೇಶವಾಗಿತ್ತು. ಕಾಲುವೆಯ ಮೇಲ್ಭಾಗದಲ್ಲಿದ್ದವರು, ಕರಾವಳಿ ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲಸಿದ ಕೃಷಿಕರೂ ಸೇರಿದಂತೆ, ಭತ್ತವನ್ನು ಹಿಡಿದರು. ಕೆಳಭಾಗದವರಿಗೆ ನೀರು ಸಾಲದಾಯಿತು. ಗಂಗಾವತಿ, ಕಾರಟಗಿಗಳು ಭತ್ತದ ಪೇಟೆಗಳಾದುವು. ಜೊತೆಯಲ್ಲಿಯೇ ಬಂದ ರೈಸ್ ಮಿಲ್ಲು ಭತ್ತವನ್ನು ಒನಕೆಯಿಂದ ಬಿಡುಗಡೆ ಮಾಡಿತು. ನವಣೆ, ಸಾವಿಗಳಿಗೆ ತಕ್ಕ ಯಂತ್ರಗಳು ಹಳ್ಳಿಗಳಿಗೆ ಬಂದುದು ಬಹಳ ತಡವಾಗಿ. ಅಕ್ಕಿ ಮಾಡಬೇಕಾದ ಧಾನ್ಯಗಳಲ್ಲಿ ಒಂದಕ್ಕೆ ಮಾತ್ರ ಗಿರಣಿ ದೊರೆತು, ಮಿಕ್ಕವು ಒರಳಿನಲ್ಲಿಯೇ ಉಳಿದುದರಿಂದ, ಅಕ್ಕಿ ಎಂಬ ಪದವೂ ಕ್ರಮೇಣ ಭತ್ತದ ಸೊತ್ತಾಗುತ್ತ ಬಂದಿತು. ನೀರು ಕಾಣದ ಕುಷ್ಟಗಿ, ಯಲಬುರ್ಗಾಗಳ ಹಳ್ಳಿಗಳಿಗೂ ಪಡಿತರ ಅಂಗಡಿಯ ಮೂಲಕ, ವಿಶೇಷವಾಗಿ 2013ರ ಅನ್ನಭಾಗ್ಯ ಯೋಜನೆಯ ಬಳಿಕ, ಭತ್ತದ ಅಕ್ಕಿ ತಲುಪಿತು. ಹಸಿವೆಯನ್ನು ತಗ್ಗಿಸಿದ ಈ ಅಕ್ಕಿಯನ್ನು ದೂರುವುದು ನಮ್ಮ ಉದ್ದೇಶವಲ್ಲ.

ಇತ್ತೀಚಿನ ವರ್ಷಗಳಲ್ಲಿ ತೃಣಧಾನ್ಯವೆಂಬ ಹೆಸರು ಹಿಂದೆ ಸರಿದು ಸಿರಿಧಾನ್ಯವೆಂಬ ಹೆಸರು ರೂಢಿಗೆ ಬಂದಿದೆ. ವಿಶ್ವಸಂಸ್ಥೆಯು 2023ನ್ನು ಈ ಧಾನ್ಯಗಳ ವರ್ಷವೆಂದು ಆಚರಿಸಿತು. ಕೊರಲೆಯ ಅಕ್ಕಿ ನಗರದ ಅಂಗಡಿಗಳಲ್ಲಿ ಭತ್ತದ ಅಕ್ಕಿಗಿಂತ ಹೆಚ್ಚಿನ ಬೆಲೆಗೆ ಮಾರಾಟವಾಗುತ್ತದೆ. ಹೆಸರಿನ ಈ ಪಲ್ಲಟವು ಭಾಷಾಶಾಸ್ತ್ರಜ್ಞರಿಗೂ ವಿಚಾರಯೋಗ್ಯವಾದುದು. ಆದರೆ ಸಿರಿಯ ಪಟ್ಟ ದೊರೆತಿರುವುದು ಅಂಗಡಿಗೆ ಬಂದ ಧಾನ್ಯಗಳಿಗೆ ಮಾತ್ರ. ಗಂಗಾವತಿಯ ಭತ್ತದ ಗದ್ದೆಗಳಲ್ಲಿ ಪೈರಿನ ನಡುವೆ ಪೈರಿನಂತೆಯೇ ಎದ್ದುನಿಲ್ಲುವ ಎಕೈನೋಕ್ಲೊವ ಕೊಲೋನ ಎಂಬ ಹುಲ್ಲಿದೆ. ಸಿರಿಧಾನ್ಯಗಳಲ್ಲಿ ಒಂದಾದ ಊದಲು ಪಳಗಿ ಬಂದುದು ಇದೇ ಹುಲ್ಲಿನಿಂದ. ಉತ್ತರ ಭಾರತದ ಕೆಲವು ಕಡೆ ಉಪವಾಸದ ದಿನಗಳಲ್ಲಿ ಈ ಬಳಗದ ಕಾಳನ್ನೇ ಅನ್ನ ಮಾಡಿ ಉಣ್ಣುತ್ತಾರೆ. ಊದಲಿನ ಅಕ್ಕಿಯ ಪೊಟ್ಟಣ ಪೇಟೆಯ ಅಂಗಡಿಯಲ್ಲಿ ದೊರೆಯುತ್ತದೆ; ಪೇಟೆಯ ಹೊರಗಿನ ಗದ್ದೆಯಲ್ಲಿ ಕೂಲಿಯ ಹೆಣ್ಣುಮಕ್ಕಳು ಅದರ ತಾಯಿಹುಲ್ಲನ್ನು ಕಿತ್ತು, ಕಟ್ಟು ಕಟ್ಟಿ, ಸಂಜೆ ಎಮ್ಮೆಗೆ ಹಾಕಲು ತಲೆಯ ಮೇಲೆ ಹೊತ್ತುಕೊಂಡು ಹೋಗುತ್ತಾರೆ.